ಸಂಜೆಗೆ ಪಾದ ಊದುತ್ತದೆ, ಕಾಲಿನ ನರ ಉಬ್ಬಿದೆ: ಅನುಭವವಿದ್ದವರು ತಿಳಿಸಿ

ಕೇಳಿದವರು: ಅಮ್ಮನಿಗೆ 58 ವರ್ಷ. ಹೋಟೆಲಿನ ಅಡುಗೆಮನೆಯಲ್ಲಿ ದಿನವಿಡೀ ನಿಂತೇ ಕೆಲಸ. ಎಡ ಮೀನಖಂಡದ ನರಗಳು ಗಂಟುಗಂಟಾಗಿ ಉಬ್ಬಿದ್ದು, ಸಂಜೆಯಾಗುತ್ತಲೇ ಪಾದ ಊದಿಕೊಳ್ಳುತ್ತದೆ. ಔಷಧ ಅಂಗಡಿಯ ಬಿಗಿ ಕಾಲುಚೀಲವನ್ನು ನಾವೇ ತಂದು ಹಾಕಿಸಬಹುದೇ?

ನಿವೃತ್ತ ಶಿಕ್ಷಕಿ: ನನಗೂ ಇದೇ ತೊಂದರೆಯಿತ್ತು. ಕಾಲುಚೀಲಕ್ಕಿಂತ ಮೊದಲು, ನಾಳದಲ್ಲಿ ರಕ್ತ ಹರಿಯುವುದನ್ನು ತೋರಿಸುವ ಡಾಪ್ಲರ್ ಸ್ಕ್ಯಾನ್ ಮಾಡಿಸಿ. ನನ್ನನ್ನು ನಿಲ್ಲಿಸಿ, ಮೀನಖಂಡವನ್ನು ಒಮ್ಮೆ ಹಿಂಡಿ ಬಿಟ್ಟಾಗ, ಮೇಲಕ್ಕೆ ಹೋಗಬೇಕಾದ ರಕ್ತ ಕೆಳಕ್ಕೇ ಮರಳುವುದು ಪರದೆಯ ಮೇಲೆ ಬೇರೆ ಬಣ್ಣದಲ್ಲಿ ಕಾಣಿಸಿತು. ಆ ಹಿಮ್ಮುಖ ಹರಿವು ಅರ್ಧ ಸೆಕೆಂಡಿಗಿಂತ ಹೆಚ್ಚು ಹೊತ್ತು ಇದ್ದರೆ ಅಭಿಧಮನಿಯ (ನಾವು ನರ ಎನ್ನುವ, ರಕ್ತವನ್ನು ಹೃದಯಕ್ಕೆ ಮರಳಿ ಒಯ್ಯುವ ನಾಳ) ಕವಾಟಗಳು ಸರಿಯಾಗಿ ಮುಚ್ಚುತ್ತಿಲ್ಲವೆಂದು ತಿಳಿಯಬೇಕು ಎಂದು ವೈದ್ಯರು ವಿವರಿಸಿದರು. ನಡೆಯುವಾಗ ಮೀನಖಂಡದ ಸ್ನಾಯು ರಕ್ತವನ್ನು ಮೇಲಕ್ಕೆ ಒತ್ತುತ್ತದೆ, ಅಲುಗಾಡದೆ ನಿಂತಾಗ ಆ ಒತ್ತು ಸಿಗುವುದಿಲ್ಲ. ಆದ್ದರಿಂದ ಒಲೆಯ ಮುಂದೆ ನಿಂತಿರುವಾಗಲೂ ಆಗಾಗ ಹಿಮ್ಮಡಿ ಎತ್ತಿ ಇಳಿಸುವಂತೆ ತಾಯಿಯವರಿಗೆ ಹೇಳಿ. ವೈದ್ಯರು ಕಾಲುಚೀಲ ಬರೆದುಕೊಟ್ಟರೆ ಅಳತೆ ತೆಗೆಸಿಯೇ ಕೊಳ್ಳಿ, ಬೆಳಿಗ್ಗೆ ಊತ ಏರುವ ಮುಂಚೆಯೇ ಹಾಕಿಸಿ. ನನಗೆ ಕೊನೆಗೆ ಲೇಸರ್ ಚಿಕಿತ್ಸೆ ಆಯಿತು, ಅಂದೇ ನಡೆದಾಡಿದೆ. ಎಲ್ಲರಿಗೂ ಅದು ಬೇಕಾಗುವುದಿಲ್ಲ.

ತಂದೆಯ ಆರೈಕೆ ಮಾಡಿದ ಮಗ: ಬೀಡಿ ಸೇದುತ್ತಿದ್ದ ನಮ್ಮ ತಂದೆಯವರಿಗೂ ಕಾಲುನೋವೇ, ಆದರೆ ಅವರದು ಅಪಧಮನಿ, ಅಂದರೆ ಹೃದಯದಿಂದ ರಕ್ತ ತರುವ ನಾಳ, ಕಿರಿದಾದ ಬೇನೆ. ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುತ್ತಿತ್ತು, ನಿಂತರೆ ಬಿಡುತ್ತಿತ್ತು. ಪಾದ ಸದಾ ತಣ್ಣಗಿರುತ್ತಿತ್ತು. ಕಾಲು ಎತ್ತರದಲ್ಲಿಟ್ಟು ಮಲಗಿದಾಗ ಊತವೂ ಭಾರವೂ ಇಳಿಯುವುದಾದರೆ ಅಭಿಧಮನಿಯ ತೊಂದರೆಯ ಸಂಭವವೇ ಹೆಚ್ಚು. ಅಪಧಮನಿಯಲ್ಲಿ ಅಡಚಣೆ ಇರುವವರಿಗೆ ಬಿಗಿ ಕಾಲುಚೀಲ ಹಾಕಿದರೆ, ಮೊದಲೇ ಸಾಲದ ರಕ್ತ ಇನ್ನಷ್ಟು ಕುಗ್ಗಿ ಪಾದಕ್ಕೇ ಅಪಾಯ; ಅದಕ್ಕಾಗಿಯೇ ವೈದ್ಯರು ತೋಳಿನ ಮತ್ತು ಕಾಲಿನ ಹರಡಿನ ರಕ್ತದೊತ್ತಡವನ್ನು ಹೋಲಿಸಿ ನೋಡುತ್ತಾರೆ. ಸಕ್ಕರೆ ಕಾಯಿಲೆಯಿದ್ದರೆ ಮೊದಲೇ ತಿಳಿಸಿ, ನಾಳ ಗಟ್ಟಿಯಾಗಿ ಈ ಲೆಕ್ಕ ತಪ್ಪುವುದುಂಟು.

ಹುಣ್ಣುಗಳಿಗೆ ಪಟ್ಟಿ ಕಟ್ಟುವ ನರ್ಸ್: ಹರಡಿನ ಒಳಬದಿಯ ಚರ್ಮ ಕಂದು ಬಣ್ಣಕ್ಕೆ ತಿರುಗಿ ತುರಿಕೆ ಶುರುವಾಗಿದ್ದರೆ ದಯವಿಟ್ಟು ತಡಮಾಡಬೇಡಿ, ಹುಣ್ಣಾದ ಮೇಲೆ ಮಾಯಲು ತಿಂಗಳುಗಟ್ಟಲೆ ಹಿಡಿಯುತ್ತದೆ. ಉಬ್ಬಿದ ನರ ಒಡೆದು ರಕ್ತ ಸುರಿದರೆ ತಕ್ಷಣ ಮಲಗಿಸಿ, ಕಾಲನ್ನು ಎದೆಗಿಂತ ಎತ್ತರಕ್ಕೆ ಎತ್ತಿ, ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ಒಂದೇ ಕಾಲು ಇದ್ದಕ್ಕಿದ್ದಂತೆ ಊದಿ, ಬೆಚ್ಚಗಾಗಿ, ನೋಯತೊಡಗಿದರೆ ಒಳಗಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಎಣ್ಣೆ ಹಚ್ಚಿ ನೀವುವುದು ನಮ್ಮ ಮನೆಗಳ ರೂಢಿ, ಆಗ ಮಾತ್ರ ಅದು ಬೇಡವೇ ಬೇಡ, ಅಂದೇ ಆಸ್ಪತ್ರೆಗೆ ಹೋಗಿ. ಜೊತೆಗೆ ಉಸಿರಾಡಲು ಕಷ್ಟವಾದರೆ ಹೆಪ್ಪು ಶ್ವಾಸಕೋಶ ಸೇರಿರುವ ಸಾಧ್ಯತೆಯಿದೆ. ಕೂಡಲೇ 108ಕ್ಕೆ ಕರೆ ಮಾಡಿ.