ಜರ್ಮನ್ ಎ1 ಕ್ಲಾಸಿಗೆ ಸೇರುವ ಮುಂಚೆ: ನಿಮ್ಮ ಪ್ರಶ್ನೆ, ಟೀಚರ್ ಉತ್ತರ

ಪ್ರಶ್ನೆ: ಮೇಡಂ, ನಮಸ್ಕಾರ. ನನಗೆ ವೈಟ್‌ಫೀಲ್ಡ್‌ನಲ್ಲಿ ಕೆಲಸ. ಇಂದಿರಾನಗರದ ಮ್ಯಾಕ್ಸ್ ಮುಲ್ಲರ್ ಭವನದಲ್ಲಿ ಜರ್ಮನ್ ಎ1, ಅಂದರೆ ಮೊದಲ ಹಂತ, ಕಲಿಯೋಣ ಅಂತಿದ್ದೇನೆ. ಓದು ಬಿಟ್ಟು ತುಂಬಾ ವರ್ಷ ಆಯಿತು. ಕ್ಲಾಸಿಗೆ ತಪ್ಪದೆ ಹೋದರೆ ಸಾಕಾ, ಮನೆಯಲ್ಲೂ ಓದಬೇಕಾ? ಎಷ್ಟು ಹೊತ್ತು?

ಉತ್ತರ: ನಮಸ್ಕಾರ. ಮನೆಯಲ್ಲೂ ಓದಲೇಬೇಕು. ಎ1 ಮುಗಿಸಲು 45 ನಿಮಿಷದ 80ರಿಂದ 200 ಪಾಠಗಳು ಬೇಕಾಗುತ್ತವೆ ಅಂತ ಈ ಭವನವನ್ನು ನಡೆಸುವ ಗೊಯ್ಥೆ ಸಂಸ್ಥೆಯೇ ಹೇಳುತ್ತದೆ. ಅಂತರ ಎಷ್ಟಿದೆ ನೋಡಿ. ಮೊದಲೇ ಬೇರೆ ಭಾಷೆಗಳನ್ನು ಕಲಿತ ರೂಢಿ ಇದ್ದವರಿಗೆ ಬೇಗ ಆಗುತ್ತದೆ, ಉಳಿದವರಿಗೆ ಮನೆಯ ಅಭ್ಯಾಸವೇ ಆಧಾರ. ದಿನಕ್ಕೆ ಅರ್ಧ ಗಂಟೆ, ಮುಕ್ಕಾಲು ಗಂಟೆ ಸಾಕು. ಆದರೆ ದಿನಾ ಬೇಕು. ಭಾನುವಾರ ಒಂದೇ ದಿನ ನಾಲ್ಕು ಗಂಟೆ ಕೂತರೆ ಬುಧವಾರದ ಹೊತ್ತಿಗೆ ಅರ್ಧ ಮರೆತಿರುತ್ತದೆ.

ಕ್ಲಾಸ್ ಮುಗಿದ ದಿನವೇ ರಾತ್ರಿ ಒಮ್ಮೆ ಪುಸ್ತಕ ತೆರೆಯಿರಿ. ಅವತ್ತಿನ ಸಂಭಾಷಣೆಯನ್ನು ಜೋರಾಗಿ ಓದಿ. ಮನಸ್ಸಿನಲ್ಲೇ ಓದಿಕೊಂಡರೆ ನಾಲಿಗೆ ತಿರುಗುವುದಿಲ್ಲ. ವೈಟ್‌ಫೀಲ್ಡ್‌ನಿಂದ ಇಂದಿರಾನಗರಕ್ಕೆ ನೇರಳೆ ಮೆಟ್ರೊದಲ್ಲೇ ಬರಬಹುದಲ್ವಾ, ಆ ಹೊತ್ತನ್ನು ಪಾಠದ ಆಡಿಯೊ ಕೇಳಲು ಇಟ್ಟುಕೊಳ್ಳಿ. ಜರ್ಮನಿಯ ಪ್ರಸಾರ ಸಂಸ್ಥೆ ಡಾಯ್ಚೆ ವೆಲ್ಲೆಯ ಉಚಿತ ವಿಡಿಯೊ ಪಾಠಗಳೂ ಚೆನ್ನಾಗಿವೆ.

ಇನ್ನೊಂದು ಮಾತು. ಹೋಂವರ್ಕನ್ನು ಅನುವಾದದ ಆ್ಯಪ್‌ಗೆ ಹಾಕಿ ಮಾಡಬೇಡಿ. ತಪ್ಪಾದರೂ ಸ್ವಂತವಾಗಿ ಬರೆಯಿರಿ. ನಿಮ್ಮ ತಪ್ಪು ಕಂಡರೆ ತಾನೇ ನಿಮಗೆ ಏನು ಅರ್ಥವಾಗಿಲ್ಲ ಅಂತ ನನಗೆ ಗೊತ್ತಾಗುವುದು?

ಪ್ರಶ್ನೆ: ಮೇಡಂ, ನಾಮಪದದ ಮೊದಲು ಲಿಂಗಕ್ಕೆ ತಕ್ಕಂತೆ ಬರುವ ಡೆರ್, ಡಿ, ಡಾಸ್ ನೆನಪಿಡುವುದು ಹೇಗೆ? ಎರಡನೇ ವಾರಕ್ಕೇ ತಲೆ ಕೆಟ್ಟುಹೋಗಿದೆ.

ಉತ್ತರ: ಇದು ಎಲ್ಲರಿಗೂ ಆಗುವ ಕಷ್ಟ. ಕನ್ನಡದಲ್ಲಿ ಅರ್ಥ ನೋಡಿದರೆ ಲಿಂಗ ಗೊತ್ತಾಗುತ್ತದೆ. ಜರ್ಮನ್‌ನಲ್ಲಿ ಹಾಗಿಲ್ಲ. ಊಟದ ಮೇಜನ್ನೇ ನೋಡಿ: ಚಮಚ ಡೆರ್ ಲೋಫೆಲ್, ಫೋರ್ಕ್ ಡಿ ಗಾಬೆಲ್, ಚಾಕು ಡಾಸ್ ಮೆಸರ್. ಪಕ್ಕಪಕ್ಕದಲ್ಲೇ ಇರುವ ಮೂರು ವಸ್ತು, ಮೂರೂ ಬೇರೆ ಬೇರೆ ಲಿಂಗ. ಇಲ್ಲಿ ಕಾರಣ ಹುಡುಕುತ್ತಾ ಕೂತರೆ ಸುಮ್ನೆ ಹೊತ್ತು ಹೋಗುತ್ತದೆ.

ಅದಕ್ಕೆ ಬರೀ ‘ಲೋಫೆಲ್’ ಅಂತ ಎಂದೂ ಬರೆದುಕೊಳ್ಳಬೇಡಿ. ‘ಡೆರ್ ಲೋಫೆಲ್’ ಎಂದೇ ಬರೆಯಿರಿ, ಹಾಗೇ ಹೇಳಿ. ನೋಟ್ಸ್‌ನಲ್ಲಿ ಮೂರಕ್ಕೂ ಮೂರು ಬಣ್ಣದ ಪೆನ್ ಬಳಸಿ. ಮೊದಲ ತಿಂಗಳು ಇದರಲ್ಲಿ ಸೋಮಾರಿತನ ಮಾಡಿದವರು ಮುಂದೆ ವಿಭಕ್ತಿ ಬಂದಾಗ ತುಂಬಾ ಒದ್ದಾಡುತ್ತಾರೆ. ಅದನ್ನು ನೋಡಿ ನನಗೆ ಬೇಜಾರಾಗುತ್ತದೆ, ಅದಕ್ಕೇ ಇಷ್ಟು ಒತ್ತಿ ಹೇಳುತ್ತಿದ್ದೇನೆ.

ವಿಭಕ್ತಿ ಅಂದ ಕೂಡಲೇ ಹೆದರಬೇಡಿ. ನಾವು ದಿನಾ ‘ಚಮಚವನ್ನು’, ‘ಚಮಚಕ್ಕೆ’ ಅನ್ನುತ್ತೇವಲ್ವಾ? ನಮ್ಮಲ್ಲಿ ಪದದ ಕೊನೆ ಬದಲಾಗುತ್ತದೆ, ಅವರಲ್ಲಿ ಹೆಚ್ಚಾಗಿ ಪದಕ್ಕೂ ಮೊದಲು ಬರುವ ಡೆರ್, ಡಿ, ಡಾಸ್ ಬದಲಾಗುತ್ತದೆ. ‘ಅನ್ನು’ ಬರುವ ಕಡೆ ಡೆರ್ ಹೋಗಿ ಡೆನ್ ಆಗುತ್ತದೆ. ಡಿ, ಡಾಸ್ ಹಾಗೇ ಇರುತ್ತವೆ. ಈ ವಿಷಯದಲ್ಲಿ ಕನ್ನಡದವರಿಗೆ ಅರ್ಧ ದಾರಿ ಆಗಲೇ ಸವೆದಿದೆ.

ಪ್ರಶ್ನೆ: ಅಕ್ಕಾ, ನನ್ನ ಯಜಮಾನರು ಜರ್ಮನಿಯಲ್ಲಿದ್ದಾರೆ. ವೀಸಾಗೆ ಎ1 ಸರ್ಟಿಫಿಕೇಟ್ ಬೇಕಂತೆ. ಬರೆಯುವುದು ಪರವಾಗಿಲ್ಲ, ಮಾತಾಡುವ ಪರೀಕ್ಷೆ ಅಂದರೆ ಕೈಕಾಲು ನಡುಗುತ್ತದೆ.

ಉತ್ತರ: ಮೊದಲು ಯಜಮಾನರದು ಯಾವ ವೀಸಾ ಅಂತ ಕೇಳಮ್ಮ. ಅವರ ಹತ್ತಿರ ಬ್ಲೂ ಕಾರ್ಡ್ (ಹೆಚ್ಚು ಓದಿದ ಉದ್ಯೋಗಿಗಳಿಗೆ ಕೊಡುವ ಪರವಾನಗಿ) ಇದ್ದರೆ ಹೆಂಡತಿಗೆ ಭಾಷೆಯ ಸರ್ಟಿಫಿಕೇಟ್ ಕೇಳುವುದಿಲ್ಲ. ಆದರೂ ಕಲಿತೇ ಹೋಗು. ಅಲ್ಲಿ ಡಾಕ್ಟರ್ ಹತ್ತಿರ, ಅಂಗಡಿಯಲ್ಲಿ ನಿನ್ನ ಮಾತು ನೀನೇ ಆಡಬೇಕು.

ಇನ್ನು ಪರೀಕ್ಷೆ. ಕೇಳುವುದು, ಓದುವುದು, ಬರೆಯುವುದು, ಮಾತಾಡುವುದು, ನಾಲ್ಕೂ ಸೇರಿ 100ಕ್ಕೆ 60 ಬಂದರೆ ಪಾಸ್. ಮಾತಾಡುವಾಗ ನಿನ್ನ ಜೊತೆ ಇನ್ನೂ ಕೆಲವರು ಕೂತಿರುತ್ತಾರೆ, ಒಟ್ಟು ಸುಮಾರು ಕಾಲು ಗಂಟೆ. ಹೆಸರು, ವಯಸ್ಸು, ದೇಶ, ಊರು, ಗೊತ್ತಿರುವ ಭಾಷೆ, ಕೆಲಸ, ಹವ್ಯಾಸ ಹೇಳಬೇಕು. ಆಮೇಲೆ ಚೀಟಿ ನೋಡಿ ಪ್ರಶ್ನೆ ಕೇಳುವುದು, ಚಿತ್ರ ನೋಡಿ ಏನಾದರೂ ಕೊಡಿ ಅಂತ ಕೇಳಿಕೊಳ್ಳುವುದು. ಇದಿಷ್ಟೇ.

ಎಡವುವ ಜಾಗ ಬೇರೆಯೇ ಇದೆ. ಪರಿಚಯದ ನಂತರ ‘ಸ್ಪೆಲ್ಲಿಂಗ್ ಹೇಳಿ’ ಅನ್ನುತ್ತಾರೆ. ನಮಗೆ ಇಂಗ್ಲಿಷ್ ಅಕ್ಷರಗಳೇ ಬಾಯಿಗೆ ಬರುತ್ತವೆ. ಬೆಂಗಳೂರನ್ನು ಹೀಗೆ ಹೇಳಬೇಕು: ಬೇ, ಏ, ಎನ್, ಗೇ, ಆ, ಎಲ್, ಊ, ಎರ್, ಊ. ನೀನು ‘ಈ’ ಅಂದರೆ ಅವರು ಐ ಅಕ್ಷರ ಬರೆದುಕೊಳ್ಳುತ್ತಾರೆ. ನಿನ್ನ ಹೆಸರು, ಮನೆ ಇರುವ ಬೀದಿಯ ಹೆಸರು ಎರಡನ್ನೂ ಕಣ್ಣು ಮುಚ್ಚಿ ಹೇಳುವ ತನಕ ಬಿಡಬೇಡ.

ಫೋನ್ ನಂಬರನ್ನೂ ಕೇಳಬಹುದು. ಒಂದೊಂದೇ ಅಂಕಿ ಹೇಳಿದರೆ ಸುಲಭ. ಆದರೆ ಕೇಳುವ ಪರೀಕ್ಷೆಯಲ್ಲಿ ಬೆಲೆ, ಪ್ಲಾಟ್‌ಫಾರ್ಮ್, ಸಮಯ ಬರುತ್ತವೆ. ಅಲ್ಲಿ 48 ಅನ್ನುವುದನ್ನು ‘ಎಂಟು ಮತ್ತು ನಲವತ್ತು’ ಅನ್ನುತ್ತಾರೆ. ಮೊದಲು ಎಂಟು ಕಿವಿಗೆ ಬಿದ್ದ ಕೂಡಲೇ 84 ಬರೆದುಬಿಡುವವರು ಜಾಸ್ತಿ. ದಾರಿಯಲ್ಲಿ ಹೋಗುವಾಗ ಬಸ್, ಆಟೋ ನಂಬರ್‌ಗಳನ್ನು ಜರ್ಮನ್‌ನಲ್ಲಿ ಓದುತ್ತಾ ಹೋಗು. ಇದು ನನ್ನ ವಿದ್ಯಾರ್ಥಿಗಳಿಗೆ ಖಂಡಿತ ಕೆಲಸ ಮಾಡಿದೆ.

ಪ್ರಶ್ನೆ: ಒಂದೆರಡು ಕ್ಲಾಸ್ ತಪ್ಪಿದರೆ ಹಿಡಿಯಬಹುದಾ ಮೇಡಂ? ಆಫೀಸ್ ಕೆಲಸ, ಏನು ಮಾಡುವುದು?

ಉತ್ತರ: ಒಂದು ತಪ್ಪಿದರೆ ಹಿಡಿಯಬಹುದು. ಅವತ್ತೇ ಕ್ಲಾಸಿನ ಗೆಳೆಯರೊಬ್ಬರಿಗೆ ಫೋನ್ ಮಾಡಿ, ಯಾವ ಪುಟ, ಯಾವ ಹೋಂವರ್ಕ್ ಅಂತ ಕೇಳಿ ಮುಗಿಸಿಬಿಡಿ. ಸಾಲಾಗಿ ಎರಡು ಮೂರು ತಪ್ಪುತ್ತದೆ ಅಂತ ಮೊದಲೇ ಗೊತ್ತಿದ್ದರೆ ಈ ಬ್ಯಾಚ್ ಬಿಟ್ಟು ಮುಂದಿನದಕ್ಕೆ ಸೇರಿ.