ಕೊಲೆ, ಕೊಳೆ, ಸುಲಿಗೆ

ದೀಪಾವಳಿ ಕಳೆದು ನಾಲ್ಕು ದಿನಕ್ಕೆ ತೀರ್ಥಹಳ್ಳಿ ಹತ್ತಿರದ ನಾಗಣ್ಣನ ಮನೆ ಅಂಗಳದಲ್ಲಿ ಅಡಿಕೆ ಸುಲಿಯೋಕೆ ಕೂತಿದ್ವಿ. ನಾಗಣ್ಣನ ಹತ್ರ ಸುಲಿಯೋ ಮಷೀನು ಇಲ್ಲದೆ ಏನಲ್ಲ. ಆದರೆ ಅದು ಪ್ರತಿ ವರ್ಷ ಸರಿಯಾಗಿ ಕೊಯ್ಲಿನ ದಿನವೇ ಕೆಡುತ್ತೆ. ಹಾಗಾಗಿ ಅಟ್ಟದಿಂದ ಮೆಟ್ಟುಗತ್ತಿ ಇಳಿಸಿ, ಸ್ನೇಹದ ಹೆಸರಲ್ಲಿ ನಮ್ಮನ್ನೆಲ್ಲ ಕೂರಿಸಿಕೊಳ್ತಾನೆ. ಕೂಲಿ ಇಲ್ಲ, ರಾತ್ರಿ ಊಟ ಇದೆ.

ನಾನು ಶಿವಮೊಗ್ಗದ ಲೈಬ್ರರಿಯಿಂದ ಒಂದು ಪತ್ತೇದಾರಿ ಕಾದಂಬರಿ ತಂದಿದ್ದೆ. ಸರಣಿ ಕೊಲೆಗಾರನ ಕತೆ, 240 ಪುಟ, ನಡೆಯೋದು ನಮ್ಮ ಮಲೆನಾಡಲ್ಲೇ. ಹೆಸರು ಹೇಳೋದಿಲ್ಲ. ಬರೆದವರು ನಾಳೆ ಅಡಿಕೆ ಮಂಡಿಯಲ್ಲಿ ಎದುರು ಸಿಕ್ಕರೆ ಕಷ್ಟ.

ಮೊದಲ ರಾತ್ರಿಯೇ ರಿಟೈರ್ಡ್ ಮೇಷ್ಟ್ರು ಮೆಟ್ಟುಗತ್ತಿಗೆ ಹೆಬ್ಬೆರಳು ಕೊಟ್ಟರು. ಸುಮಕ್ಕ ಹಳೇ ಪಂಚೆ ಹರಿದು ಸುತ್ತಿದರು. ಅದರ ಮೇಲೂ ಹಟಕ್ಕೆ ಹತ್ತು ಅಡಿಕೆ ಸುಲಿದು, ಬಟ್ಟೆಗೆಲ್ಲ ಹಸಿ ಅಡಿಕೆಯ ಚೊಗರು ಕರೆ ಮಾಡಿಕೊಂಡು, ‘ನನಗೆ ಓದೋ ಕೆಲಸ ಕೊಡಿ ಮಾರಾಯ್ರೇ’ ಅಂತ ದೀಪದ ಬುಡಕ್ಕೆ ಸರಿದರು. ದಿನಾ ರಾತ್ರಿ ಅವರು ಓದೋದು, ನಾವು ಸುಲಿಯೋದು ಅಂತಾಯ್ತು. ಪುಸ್ತಕ ಹಗಲು ಅವರ ಚೀಲದಲ್ಲೇ ಇರ್ತಿತ್ತು.

‘ಎಂತ ಕತೆ ಅದು?’ ನಾಗಣ್ಣನ ಅಪ್ಪ, ನಮ್ಮೆಲ್ಲರ ಅಜ್ಜಯ್ಯ, ಜಗುಲಿಯಿಂದ ಕೇಳಿದರು. ಕಿವಿ ಸ್ವಲ್ಪ ಮಂದ.

‘ಏಳು ಕೊಲೆ, ಅಜ್ಜಯ್ಯ.’

‘ಏಳು ಸಲ ಕೊಳೆಯಾ! ಔಷಧಿ ಹೊಡೆದಿರ್ಲಿಲ್ವಂತಾ? ನೂರು ಲೀಟರಿಗೆ ಒಂದು ಕೇಜಿ ಮೈಲುತುತ್ತ, ಒಂದು ಕೇಜಿ ಸುಣ್ಣ. ಮಳೆ ಹಿಡಿಯೋ ಮುಂಚೆ ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದ್ಸಲ. ಅಷ್ಟು ಮಾಡಿದ್ರೆ ಏಳಕ್ಕೆ ಯಾಕೆ ಹೋಗ್ತಿತ್ತು?’

ಯಾರೂ ತಿದ್ದಲಿಲ್ಲ. ಅಂಗಳದ ತುಂಬ ಕತ್ತಿ ಹಿಡಿದು ಕೂತು ಕೊಲೆ ಕತೆ ಕೇಳ್ತಿದ್ದೀವಿ ಅಂತ ಹೇಳೋದಕ್ಕಿಂತ ಅಡಿಕೆಯ ಕೊಳೆರೋಗವೇ ವಾಸಿ ಅನ್ನಿಸ್ತು. ಆಮೇಲೆ ನಾವು ಮಾಡ್ತಿದ್ದದ್ದೂ ಸುಲಿಗೆ ತಾನೆ.

ಪುಸ್ತಕದಲ್ಲಿ ನಮಗಿಂತ ಮುಂಚಿನ ಓದುಗರ ಅಭಿಪ್ರಾಯವೂ ಇತ್ತು. ಪುಟ 31ರಲ್ಲಿ ಯಾರೋ ಪುಣ್ಯಾತ್ಮರು ಪೆನ್ಸಿಲ್ಲಿನಲ್ಲಿ ಬಾಣ ಎಳೆದು ‘ಇವನೇ’ ಅಂತ ಬರೆದಿದ್ದರು. ಅದರ ಕೆಳಗೆ ಬೇರೆ ಕೈಬರಹ: ‘ಅಲ್ಲ. ಪೂರ್ತಿ ಓದಿ ಬರೆಯಿರಿ.’

ಎರಡನೇ ರಾತ್ರಿ ಮೇಷ್ಟ್ರು ಕನ್ನಡಕ ಮೇಲೆತ್ತಿ ಗಂಭೀರವಾಗಿ ಹೇಳಿದರು: ‘ಒಂಬತ್ತನೇ ಪುಟದಲ್ಲಿ ಬಸ್ ಸ್ಟ್ಯಾಂಡಲ್ಲಿ ಒಬ್ಬ ಸುಣ್ಣ ಕೇಳಿದ ನೋಡಿ, ನನಗೆ ಅವನ ಮೇಲೆ ಅನುಮಾನ.’

‘ಸುಣ್ಣ ಕೇಳಿದ್ದಕ್ಕೆ ಕೊಲೆಗಾರನಾ? ಹಂಗಾದ್ರೆ ಅರ್ಧ ತಾಲ್ಲೂಕು ಜೈಲಲ್ಲಿರಬೇಕು’ ಅಂದ ನಾಗಣ್ಣ.

ಮೇಷ್ಟ್ರು ಪಾಠಕ್ಕಿಳಿದರು. ಇಂಗ್ಲೆಂಡಿನಲ್ಲಿ ರೊನಾಲ್ಡ್ ನಾಕ್ಸ್ ಅಂತ ಒಬ್ಬರು ಪಾದ್ರಿ, ತಾವೂ ಪತ್ತೇದಾರಿ ಕತೆ ಬರೀತಿದ್ದವರು. 1929ರಲ್ಲಿ ಇಂಥ ಕತೆಗಳಿಗೆ ಹತ್ತು ಕಟ್ಟಳೆ ಮಾಡಿದರಂತೆ. ಗುಪ್ತದಾರಿ ಒಂದಕ್ಕಿಂತ ಹೆಚ್ಚಿರಬಾರದು, ಯಾರೂ ಕಂಡರಿಯದ ವಿಷ ತರಬಾರದು, ಪತ್ತೇದಾರನೇ ಅಪರಾಧಿ ಆಗಬಾರದು. ಎಲ್ಲಕ್ಕಿಂತ ಮೊದಲನೇದು, ಅಪರಾಧಿ ಕತೆಯ ಶುರುವಿನಲ್ಲೇ ಬಂದುಹೋಗಿರಬೇಕು. ‘ಓದುಗನಿಗೆ ಮೋಸ ಮಾಡಬಾರದು, ಅಷ್ಟೇ. ಕೊನೇ ಪುಟ ಮೊದಲು ನೋಡೋ ಓದುಗನೂ ಮೋಸಗಾರನೇ.’

ಸುಣ್ಣ ಕೇಳಿದವನು ಅಲ್ಲವೇ ಅಲ್ಲ ಅಂತ ನಾಗಣ್ಣ ಒಂದು ಕೇಜಿ ಕಾಫಿಪುಡಿ ಪಂಥ ಕಟ್ಟಿದ.

ನನ್ನ ತಕರಾರು ಬೇರೆ ಇತ್ತು. ಐದನೇ ಹೆಣ ಸಿಗೋದು ಆಗುಂಬೆ ಕಾಡಲ್ಲಿ, ಜುಲೈ ತಿಂಗಳಲ್ಲಿ. ಅಲ್ಲಿ ಪತ್ತೇದಾರನಿಗೆ ಕೊಲೆಗಾರನ ಬೂಟಿನ ಗುರುತು ಸಿಗುತ್ತೆ! ವರ್ಷಕ್ಕೆ ಏಳು ಸಾವಿರ ಮಿಲಿಮೀಟರು ಮಳೆ ಬೀಳೋ ಊರು ಮಾರಾಯ್ರೇ, ಬೂಟೇ ಉಳಿಯೋದು ಕಷ್ಟ. ಸಿಗಬೇಕಾದ್ದು ಇಂಬಳ. ಆಸ್ಟ್ರೇಲಿಯಾದ ಟಾಸ್ಮೇನಿಯಾದಲ್ಲಿ 2001ರಲ್ಲಿ ಒಂದು ಮನೆ ದರೋಡೆ ಆದಾಗ ಪೊಲೀಸರಿಗೆ ಸಿಕ್ಕಿದ್ದು ರಕ್ತ ಕುಡಿದ ಒಂದು ಇಂಬಳ. ಅದರ ಹೊಟ್ಟೆಯ ರಕ್ತದಿಂದ ಡಿಎನ್‌ಎ ತೆಗೆದಿಟ್ಟಿದ್ದರು. ವರ್ಷಗಳ ಮೇಲೆ ಬೇರೆ ಕೇಸಲ್ಲಿ ಸಿಕ್ಕಿಬಿದ್ದವನಿಗೆ ಅದು ತಾಳೆಯಾಗಿ, 2009ರಲ್ಲಿ ಅವನು ತಪ್ಪೊಪ್ಪಿಕೊಂಡ. ಅಲ್ಲಿ ಒಂದೇ ಒಂದು ಇಂಬಳ ಸಾಕಾಯ್ತು. ನಮ್ಮ ಕಾದಂಬರಿಕಾರರು ಆಗುಂಬೆಯಲ್ಲಿ ಹದಿನೆಂಟು ಪುಟ ಓಡಾಡಿಸಿದ್ದಾರೆ, ಒಬ್ಬರ ಕಾಲಿಗೂ ಒಂದೂ ಹತ್ತಿಲ್ಲ.

‘ಅದಿರಲಿ,’ ಅಂದರು ಸುಮಕ್ಕ. ‘ಪತ್ತೇದಾರ ಏಳು ಮನೆಗೆ ಹೋದ, ಒಬ್ಬರೂ ಕುಡಿಯೋಕೆ ಆಸ್ರಿಗೆ ಬೇಕಾ ಅಂತ ಕೇಳಿಲ್ಲ. ನಮ್ಮೂರ ಬಸ್ಸಿಳಿದರೆ ಹತ್ತು ಹೆಜ್ಜೆಗೆ ಮೂರು ಜನ “ಯಾರ ಮನೆಗೆ?” ಅಂತಾರೆ. ಅಂಥದ್ರಲ್ಲಿ ಇವನು ಚೀಲ ಹಿಡ್ಕೊಂಡು ಏಳು ಊರು ಸುತ್ತಿದ್ನಂತೆ!’

ಸುಮಕ್ಕನ ನಿಜವಾದ ಸಿಟ್ಟು ಮೂರನೇ ರಾತ್ರಿ ಬಂತು. ಕೊಲೆಗಾರನ ಬಾಲ್ಯ ಶುರುವಾಗಿತ್ತು. ಅವನ ಚಿಕ್ಕಮ್ಮ, ಅವನ ಕನಸು, ಅವನು ಸಾಕಿದ ಗಿಳಿ, ಮೂವತ್ತೆಂಟು ಪುಟ.

‘ಮೇಷ್ಟ್ರೇ, ನಾಲ್ಕನೇದಾಗಿ ಸತ್ತವಳು ಟೈಲರಿಂಗ್ ಮಾಡ್ತಿದ್ಳಲ್ಲ, ಅವಳ ಹೆಸರೆಂತದು?’

ಮೇಷ್ಟ್ರು ಪುಟ ತಿರುವಿದರು. ಅರ್ಧ ಪುಟದಲ್ಲಿ ಬಂದು ಅರ್ಧ ಪುಟದಲ್ಲೇ ಸತ್ತಿದ್ದಳು. ಹೆಸರು ಒಂದೇ ಸಲ ಬಂದಿತ್ತು. ‘ಅವಳ ಹತ್ರ ರವಿಕೆ ಹೊಲಿಯೋಕೆ ಕೊಟ್ಟೋರು ಏನು ಮಾಡಿದ್ರೋ’ ಅಂದರು ಸುಮಕ್ಕ. ನಾವು ನಕ್ಕೆವು, ಅವರು ನಗಲಿಲ್ಲ.

ಮಾತು ತಿರುಗಿಸೋಕೆ ಮೇಷ್ಟ್ರು ಲಂಡನ್ನಿಗೆ ಹೋದರು. 1888, ವೈಟ್‌ಚಾಪೆಲ್, ಜ್ಯಾಕ್ ದ ರಿಪ್ಪರ್. ಐದು ಹೆಂಗಸರು, ಕೊಂದವನು ಇವತ್ತಿಗೂ ಸಿಕ್ಕಿಲ್ಲ.

‘ಸಿಕ್ಕದವನಿಗೂ ಹೆಸರಿದೆ. ಆ ಐದು ಜನರ ಹೆಸರು ಹೇಳಿ.’

ಮೇಷ್ಟ್ರು ಕನ್ನಡಕ ಒರೆಸಿದರು. ಮರುದಿನ ನೆಟ್‌ವರ್ಕ್ ಸಿಗೋ ಗುಡ್ಡ ಹತ್ತಿ ನಾನೇ ಹುಡುಕಿ, ರಾತ್ರಿ ಓದಿ ಹೇಳಿದೆ: ಮೇರಿ ಆನ್ ನಿಕೋಲ್ಸ್, ಆನೀ ಚಾಪ್‌ಮನ್, ಎಲಿಜಬೆತ್ ಸ್ಟ್ರೈಡ್, ಕ್ಯಾಥರೀನ್ ಎಡೋಸ್, ಮೇರಿ ಜೇನ್ ಕೆಲ್ಲಿ. ಸುಮಕ್ಕ ಕೈ ನಿಲ್ಲಿಸಿ ಕೇಳಿದರು. ‘ಹೂಂ’ ಅಂದು ಮತ್ತೆ ಸುಲಿಯತೊಡಗಿದರು. ಅವತ್ತು ಮೇಷ್ಟ್ರು ಹೆಬ್ಬೆರಳಿನ ಬಟ್ಟೆ ಬಿಚ್ಚಿ, ಒಣಗಿದ ಗಾಯವನ್ನು ಎಲ್ಲರಿಗೂ ತೋರಿಸಿದ್ದರು. ಯಾರೂ ಸರಿಯಾಗಿ ನೋಡಲಿಲ್ಲ.

ಐದನೇ ರಾತ್ರಿ ಕೊಲೆಗಾರ ಸಿಕ್ಕ. ಸುಣ್ಣ ಕೇಳಿದವನೇ! ನಲವತ್ತು ಎಕರೆ ತೋಟದ ಧಣಿ. ಎಲ್ಲರೂ ಮೇಷ್ಟ್ರನ್ನು ಬಾಯಿಬಿಟ್ಟುಕೊಂಡು ನೋಡಿದ್ವಿ. ನಾಗಣ್ಣ ಮಾತ್ರ ಕೆಂಡವಾಗಿದ್ದ.

‘ಸುಳ್ಳು! ಪ್ರತಿ ಹೆಣದ ಕೈಯಲ್ಲೂ ಒಂದೊಂದು ಸರಕು ಅಡಿಕೆ ಇಟ್ಟಿದ್ದಾನೆ. ತೋಟ ಇರೋನು ಯಾರಾದ್ರೂ ಅಷ್ಟು ದುಬಾರಿ ಸರಕು ಇಡ್ತಾನಾ? ಗುರುತಿಗೆ ಅಗ್ಗದ ಗೊರಬಲು ಅಡಿಕೆ ಸಾಕಲ್ದಾ? ಕೊಲ್ಲಲಿ, ಅದು ಬೇರೆ ವಿಷಯ. ಏಳು ಸರಕು ಹಾಳು ಮಾಡೋನು ಅಡಿಕೆ ಬೆಳೆದವನೇ ಅಲ್ಲ!’

ನನ್ನ ಮಟ್ಟಿಗೆ ಆ ಕಾದಂಬರಿಗೆ ಇದಕ್ಕಿಂತ ಸರಿಯಾದ ವಿಮರ್ಶೆ ಇಲ್ಲ.

‘ಒಟ್ಟಿನಲ್ಲಿ ಕೊನೆ ಸರಿ ಬಂದಿಲ್ಲ’ ಅಂದೆ.

‘ಕೊಳೆ ಬಂದ್ಮೇಲೆ ಅಡಿಕೆ ಕೊನೆ ಎಲ್ಲಿಂದ ಸರಿ ಬರ್ತದೆ?’ ಅಂದರು ಅಜ್ಜಯ್ಯ ಜಗುಲಿಯಿಂದ.

ಮಾರನೇ ದಿನ ಪುಸ್ತಕ ವಾಪಸ್ ಕೊಡೋಕೆ ಶಿವಮೊಗ್ಗದ ಬಸ್ ಹತ್ತಿದೆ. ಮಂಡಗದ್ದೆ ದಾಟುವಾಗ ಸುಮ್ಮನೆ ಪುಟ ತಿರುವುತ್ತಿದ್ದೆ. ದಂಡ ಹಾಕೋವಷ್ಟು ಚೊಗರು ಗುರುತು. ಪುಟ 9, ಪುಟ 31, ನಡುವೆ ಅಲ್ಲಲ್ಲಿ. ಪುಟ 239ರಲ್ಲಿ, ಕೊಲೆಗಾರನ ಹೆಸರಿನ ಪಕ್ಕದಲ್ಲೇ, ದಪ್ಪ ಹೆಬ್ಬೆಟ್ಟು ಒಂದು. ಬೆಳಕಿಗೆ ಹಿಡಿದೆ. ಬೆರಳಿನ ಗೆರೆ ಒಂದೂ ಇಲ್ಲ. ಅಡ್ಡಕ್ಕೆ ಉದ್ದಕ್ಕೆ ಸಣ್ಣ ಸಣ್ಣ ಚೌಕ, ಹಳೇ ಪಂಚೆಯ ನೂಲು.

ಸಿಗ್ನಲ್ ಬಂದ ಕೂಡಲೇ ನಾಗಣ್ಣನಿಗೆ ಫೋನ್ ಹಚ್ಚಿದೆ.

‘ಕಾಫಿಪುಡಿ ಕೊಟ್ಟುಬಿಟ್ಟೆಯಾ?’