ಬೆರಕೆ ಸೊಪ್ಪಿನ ಬೀಜ, ಕಡ್ಡಿಗಳಿಗಾಗಿ ಸಹಾಯ ಬೇಕು

ಮುಳಬಾಗಿಲು ತಾಲ್ಲೂಕಿನ ನಮ್ಮೂರ ಅಂಗನವಾಡಿಯ ಹಿತ್ತಲಿನಲ್ಲಿ, ಮಕ್ಕಳಿಗೂ ಬಸುರಿ ಬಾಣಂತಿಯರಿಗೂ ಕಬ್ಬಿಣಾಂಶ ಮತ್ತು ಎ ಜೀವಸತ್ವ ಊಟದಲ್ಲೇ ದೊರೆಯಲೆಂದು, ಬೆರಕೆ ಸೊಪ್ಪಿನ ತೋಟ ಮಾಡಲು ಕೆಲವರು ಸೇರಿ ನಿರ್ಧರಿಸಿದ್ದೇವೆ. ಮಳೆ ಬಿದ್ದೊಡನೆ ರಾಗಿ ಹೊಲದಲ್ಲಿ ತಾನಾಗಿ ಹುಟ್ಟುತ್ತಿದ್ದ ಅಣ್ಣೆಸೊಪ್ಪು, ಗೋಣಿಸೊಪ್ಪು, ಕನ್ನೆಸೊಪ್ಪುಗಳು ಕಳೆನಾಶಕದ ದೆಸೆಯಿಂದ ನಮ್ಮಲ್ಲಿ ಅಪರೂಪವಾಗಿವೆ. ಪೇಟೆಯಲ್ಲಿ ಸಿಗುವುದು ದಂಟು, ಮೆಂತ್ಯ, ಪಾಲಕ್ ಅಷ್ಟೆ (ಬರೀ ಪಾಲಕ್‌ನಿಂದ ಬಸ್ಸಾರಿಗೆ ಆ ರುಚಿ ಬಾರದೆಂಬುದು ಬೇರೆ ಮಾತು). ಅಣ್ಣೆಸೊಪ್ಪಿನ ಒಣಗಿದ ತೆನೆಯನ್ನು ಅಂಗೈಯಲ್ಲಿ ಉಜ್ಜಿದರೆ ಉದುರುವ ಹೊಳಪಿನ ಕಪ್ಪು ಬೀಜ, ನೆಟ್ಟರೆ ಬೇರು ಬಿಡುವ ಹೊನಗೊನೆಯ ಗೆಣ್ಣುಳ್ಳ ಕಡ್ಡಿ, ಇವನ್ನು ಕೋಲಾರ, ಚಿಕ್ಕಬಳ್ಳಾಪುರ ಕಡೆಯವರು ಕೊಡಬಲ್ಲಿರಾದರೆ ದಯವಿಟ್ಟು ತಿಳಿಸಿ, ನಾವೇ ಬಂದು ಒಯ್ಯುತ್ತೇವೆ. ಚರಂಡಿ ನೀರು ಸೇರುವ ಕೆರೆಯಂಚಿನದು ಬೇಡ. ತಿನ್ನುವ ಸೊಪ್ಪನ್ನೂ ತಿನ್ನಬಾರದ್ದನ್ನೂ ಎಲೆ ನೋಡಿ ಬೇರ್ಪಡಿಸಬಲ್ಲ ಹಿರಿಯರೊಬ್ಬರು ಒಂದು ದಿನ ಬಂದು ತೋರಿಸಿಕೊಟ್ಟರೆ ಬೀಜಕ್ಕಿಂತಲೂ ದೊಡ್ಡ ಉಪಕಾರವಾಗುತ್ತದೆ.